ಗಾಜಿಗೆ ಅಂಟಿಕೊಂಡ ಅಜ್ಜ

ಮೂಡಿಗೆರೆ, ಸಕಲೇಶಪುರದ ಕಡೆಯ ಹಳೇ ಮನೆಗಳ ಜಗಲಿಯಲ್ಲಿ ಕಟ್ಟು ಹಾಕಿಸಿದ ಹಿರಿಯರ ಫೋಟೋಗಳು ಸಾಲಾಗಿ ತೂಗುತ್ತಿರುತ್ತವೆ. ಅವುಗಳಲ್ಲಿ ಒಂದಾದರೂ ಕೆನ್ನೆಯ ಹತ್ತಿರ ಒದ್ದೆಯಾದಂತೆ ಹೊಳೆಯುತ್ತಿರುತ್ತದೆ. ಒರೆಸಿದರೆ ಹೋಗದು, ಕಲೆ ಇರುವುದು ಗಾಜಿನ ಒಳಮೈಯಲ್ಲಿ. ಹಿರಿಯರ ಮುನಿಸು ಎಂದು ನಿಂಬೆಹಣ್ಣು ಮಂತ್ರಿಸಿ ತರಬೇಕಿಲ್ಲ. ಫೋಟೋ ಗಾಜಿಗೆ ಅಂಟಿದೆ, ಅಷ್ಟೆ.

ಕಪ್ಪುಬಿಳುಪು ಫೋಟೋದಲ್ಲಿ ಚಿತ್ರ ಕೂತಿರುವುದು ಕಾಗದದೊಳಗಲ್ಲ, ಅದರ ಮೇಲಿನ ತೆಳು ಜೆಲಾಟಿನ್ ಪದರದಲ್ಲಿ. ಜೆಲಾಟಿನ್ ಎಂದರೆ ಮೂಳೆ, ಚರ್ಮ ಬೇಯಿಸಿ ತೆಗೆದ ವಸ್ತು. ಬಡಗಿಗಳು ಹಿಂದೆ ಮರ ಕೂಡಿಸುತ್ತಿದ್ದ ಅಂಟಿನ ಶುದ್ಧ ರೂಪ. 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಇದನ್ನು ಫೋಟೋ ಫಲಕಕ್ಕೆ ಬಳಸಿ ತೋರಿಸಿದ. ಇದು ನೀರು ಹೀರಿ ಉಬ್ಬುತ್ತದೆ, ಹಾಗಾಗಿಯೇ ಡೆವಲಪರ್ ದ್ರಾವಣ ಒಳಗಿಳಿದು ಬೆಳ್ಳಿಯ ಲವಣವನ್ನು ಮುಟ್ಟುತ್ತದೆ. ಡಾರ್ಕ್‌ರೂಮಿನಲ್ಲಿ ಬೇಕಾದ ಆ ಗುಣವೇ ಆಷಾಢದಲ್ಲಿ ಕೈಕೊಡುತ್ತದೆ: ತೇವ ಹೀರಿ ಮೆತ್ತಗಾದ ಪದರ ಗಾಜಿಗೆ ಹತ್ತಿಕೊಳ್ಳುತ್ತದೆ.

ಡಬ್ಬಿಯ ಬೆಲ್ಲವನ್ನು ನೋಡಿ. ಮಳೆಗಾಲದಲ್ಲಿ ನೀರೊಡೆದು ತಗಡಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಗೆ ಕಲ್ಲಾಗುತ್ತದೆ. ಆಗ ಚಮಚ ಹಾಕಿ ಮೀಟಿದರೆ ಒಡೆಯುವುದು ಬೆಲ್ಲ, ತಗಡಲ್ಲ. ಫೋಟೋ ಕಿತ್ತಾಗಲೂ ಅಷ್ಟೆ: ಅಜ್ಜನ ಮೂಗು ಗಾಜಿನಲ್ಲಿ, ಬಿಳಿ ಕಾಗದ ಕೈಯಲ್ಲಿ. ಮಳೆ ಬಡಿಯುವ ಪಡುವಣ ಗೋಡೆ ತಣ್ಣಗಿರುವುದರಿಂದ ಕಟ್ಟಿನ ಹಿಂದೆ ತೇವ ಹೆಚ್ಚು. ಹಾಸನ ಜಿಲ್ಲೆಯದೇ ಆದ ಅರಸೀಕೆರೆಯ ಒಣಗಾಳಿಯಲ್ಲಿ ಈ ಕಾಟ ಕಡಿಮೆ.

ಅಂಟಿದ್ದನ್ನು ಬ್ಲೇಡು ತೂರಿಸಿ ಬಿಡಿಸಬೇಡಿ, ನೀರಲ್ಲಿ ನೆನೆಸಬೇಡಿ. ಸ್ಟುಡಿಯೋದವರು ಕೈಯಲ್ಲಿ ಹಚ್ಚಿದ ಬಣ್ಣ ಕರಗಿಹೋದೀತು. ಫೆಬ್ರುವರಿ–ಮಾರ್ಚಿನಲ್ಲಿ ಕಟ್ಟು ಬಿಚ್ಚಿ, ಹಿಂದಿನ ಹಲಗೆ ತೆಗೆದು, ಗಾಜಿನ ಸಮೇತ ಪ್ರತಿ ಮಾಡಿಕೊಳ್ಳಿ. ತನ್ನ ಮೈಗೆ ತಾಗಿದ್ದನ್ನಷ್ಟೇ ಸ್ಪಷ್ಟವಾಗಿ ಓದುವ ತೆಳ್ಳನೆಯ ಸಿಐಎಸ್ ಸ್ಕ್ಯಾನರ್ ಗಾಜಿನ ದಪ್ಪ ದಾಟಿ ಫೋಕಸ್ ಮಾಡದು. ಒಳಗೆ ಮಸೂರವಿರುವ ದಪ್ಪನೆಯ ಸಿಸಿಡಿ ಸ್ಕ್ಯಾನರ್ ಆದರೆ 600 ಡಿಪಿಐ (ಇಂಚಿಗೆ 600 ಚುಕ್ಕೆ), ವಿವರ ಕಳೆಯದ ಟಿಫ್ ಫೈಲು. ಕ್ಯಾಮೆರಾ ಆದರೆ ಎರಡು ಬದಿಯಿಂದ 45 ಡಿಗ್ರಿ ಬೆಳಕು, ಗಾಜಿನಲ್ಲಿ ಪ್ರತಿಬಿಂಬ ಬೀಳದಂತೆ ಎದುರಿಗೆ ಕಪ್ಪು ಬಟ್ಟೆ.

ಇನ್ನೂ ಅಂಟದ ಫೋಟೋಗಳಿಗೆ ಆಮ್ಲರಹಿತ ಮೌಂಟ್ ಬೋರ್ಡಿನ (ದಪ್ಪ ರಟ್ಟಿನ) ಚೌಕ ಹಾಕಿಸಿ, ಗಾಜಿಗೂ ಚಿತ್ರಕ್ಕೂ 2–3 ಮಿ.ಮೀ. ಅಂತರ ಕೊಡಿ. ಕಟ್ಟಿನ ಹಿಂದೆ ಕೆಳಮೂಲೆಗಳಲ್ಲಿ ಕಾರ್ಕಿನ ತುಂಡು ಅಂಟಿಸಿದರೆ ಗೋಡೆಯ ನಡುವೆ ಗಾಳಿಯಾಡುತ್ತದೆ. ನುಸಿಗುಳಿಗೆಗೆ ತೇವ ಹೀರುವ ಶಕ್ತಿಯಿಲ್ಲ. ಪೆಟ್ಟಿಗೆಯಲ್ಲಿಟ್ಟ ಫೋಟೋಗಳಿಗೆ ತೇವ ಹೀರುವ ಹರಳು, ಸಿಲಿಕಾ ಜೆಲ್ ಬೇಕು. ಬಣ್ಣ ಬದಲಿಸುವ ಬಗೆಯದಾದರೆ, ಬಣ್ಣ ಬದಲಾದಾಗ ಮತ್ತೆ ಒಣಗಿಸಬೇಕು. ತೇವಾಂಶ ಶೇ. 65 ದಾಟಿದರೆ ಬೂಷ್ಟು ಶುರು. ಪಾಲುಪಟ್ಟಿಯನ್ನು ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸುವ ಚಟ ಇದಕ್ಕಿಂತ ಕೆಟ್ಟದ್ದು: ಬಿಸಿಗೆ ಕರಗಿ ಹಿಡಿದ ಆ ಪ್ಲಾಸ್ಟಿಕ್ ಮತ್ತೆ ಬಿಡುವುದಿಲ್ಲ.

ಅಂಟೇ ಇಲ್ಲದ ಬರಹದ ಪಾಡು ಬೇರೆ. ಶೃಂಗೇರಿ ಮಠದಲ್ಲಿರುವಂಥ ಕಡತಗಳು ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದ ಬಟ್ಟೆಯ ಮಡಿಕೆಗಳು. ಬರೆಯುತ್ತಿದ್ದದ್ದು ಬಳಪದಲ್ಲಿ, ಬೇಲೂರು, ಹಳೇಬೀಡಿನ ಶಿಲ್ಪಗಳದ್ದೂ ಬಳಪದ ಕಲ್ಲೇ. ಇದ್ದಿಲಾಗಲಿ ಬಳಪವಾಗಲಿ ಮಾಸುವ ಜಾತಿಯಲ್ಲ. ಹುಳಕ್ಕೆ ಹುಣಸೆಯ ಸರಿ ಮಾತ್ರ ಪ್ರಿಯ. ಆದರೆ ಅಕ್ಷರ ಬಟ್ಟೆಯ ಮೇಲೆ ಸುಮ್ಮನೆ ಕೂತಿದೆ. ಅಟ್ಟದ ಪೆಟ್ಟಿಗೆಯಲ್ಲಿ ಕಡತ ಸಿಕ್ಕಿದರೆ ಧೂಳು ಕಂಡಿತೆಂದು ಒದ್ದೆಬಟ್ಟೆ ತರಬೇಡಿ. ಸ್ಲೇಟು ಒರೆಸಿದ ಹಾಗೆ ಮುತ್ತಜ್ಜನ ಅಡಿಕೆ ಲೆಕ್ಕ ಒಂದೇ ಎಳೆತಕ್ಕೆ ಹೋಗುತ್ತದೆ.