ತಳ್ಳಿದ್ದು, ತಗುಲಿದ್ದು, ತಪ್ಪಿದ್ದು: ಮನೆ ಇಲ್ಲದವರ ಆರೋಗ್ಯದ ಪಾಠ, ನನ್ನ ಟಿಪ್ಪಣಿ

ಶುಕ್ರವಾರದ ಇಂಟರ್ನಲ್‌ನಲ್ಲಿ ಈ ಪಾಠದಿಂದ ಎಂಟು ಅಂಕದ ಪ್ರಶ್ನೆ ಬಂದಿತ್ತು. ನನಗೆ ಮೂರು ಅಂಕ ಹೋಯಿತು, ಅದೂ ಒಂದೇ ಒಂದು ವಾಕ್ಯಕ್ಕೆ. ಆ ವಾಕ್ಯ ಯಾವುದು ಅಂತ ಕೆಳಗೆ ಹೇಳುತ್ತೇನೆ. ಎಂ.ಎಸ್.ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಿರುವ ಉಳಿದವರಿಗೂ ಉಪಯೋಗಕ್ಕೆ ಬರಲಿ ಅಂತ, ನೋವು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಯಾರನ್ನು ಲೆಕ್ಕಕ್ಕೆ ಹಿಡಿಯುತ್ತಾರೆ

2011ರ ಜನಗಣತಿಯಲ್ಲಿ ಸೂರಿಲ್ಲದವರು ಸುಮಾರು 17.7 ಲಕ್ಷ. ರಸ್ತೆ ಬದಿ, ಫುಟ್‌ಪಾತ್, ಫ್ಲೈಓವರ್ ಕೆಳಗೆ, ದೊಡ್ಡ ಸಿಮೆಂಟ್ ಪೈಪ್ ಒಳಗೆ, ರೈಲ್ವೆ ಪ್ಲಾಟ್‌ಫಾರ್ಮ್‌ನಲ್ಲಿ ಮಲಗುವವರು ಇದರಲ್ಲಿ ಬರುತ್ತಾರೆ. (ನಮ್ಮ ಕೊಡಗು ಜಿಲ್ಲೆಗೆ ರೈಲೇ ಬಂದಿಲ್ಲ. ಆ ಜಾಗದಲ್ಲಿ ಬಸ್ ಸ್ಟ್ಯಾಂಡ್ ಅಂತ ಓದಿಕೊಳ್ಳಿ.)

ಹಾಗಾದರೆ ತೋಟದ ಲೈನ್ ಮನೆಯವರು, ಅಂದರೆ ಕಾಫಿ ತೋಟದ ಮಾಲೀಕರು ಕೊಟ್ಟ ಸಾಲು ಮನೆಗಳಲ್ಲಿರುವ ಕೂಲಿಯವರು? ತಲೆ ಮೇಲೆ ಸೂರಿದೆ, ಆದ್ದರಿಂದ ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಆ ಸೂರು ಕೆಲಸದ ಜೊತೆ ಬಂದದ್ದು. ಕೆಲಸ ಬಿಟ್ಟರೆ ಅದೂ ಹೋಯಿತು. ಯುರೋಪಿನ ಈಥೋಸ್ ಅನ್ನುವ ವಿಂಗಡಣೆಯಲ್ಲಿ ನಾಲ್ಕು ಮೆಟ್ಟಿಲಿವೆ: ಸೂರೇ ಇಲ್ಲದವರು, ಮನೆ ಇಲ್ಲದೆ ಆಶ್ರಯ ಕೇಂದ್ರದಂಥ ಕಡೆ ಇರುವವರು, ಯಾವಾಗ ಬೇಕಾದರೂ ಹೊರಬೀಳಬಹುದಾದವರು, ವಾಸಕ್ಕೆ ಯೋಗ್ಯವಲ್ಲದ ಕಡೆ ಇರುವವರು. ಲೈನ್ ಮನೆಯನ್ನು ನಾನು ಮೂರನೆಯದರಲ್ಲಿ ಹಾಕುತ್ತೇನೆ. ಕೆಲವನ್ನು ನೋಡಿದರೆ ನಾಲ್ಕನೆಯದರಲ್ಲೂ ಹಾಕಬೇಕು ಅನಿಸುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ಮನೆ ಕಳೆದುಕೊಂಡು ಪರಿಹಾರ ಕೇಂದ್ರದಲ್ಲಿ ಉಳಿದವರು ಎರಡನೆಯದು.

ಮೂರು ತ

ಕಾಯಿಲೆಗಳ ಪಟ್ಟಿ ಬಾಯಿಪಾಠ ಮಾಡಬೇಡಿ, ನಿಲ್ಲುವುದಿಲ್ಲ. 1988ರಲ್ಲೇ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಇವನ್ನು ಮೂರು ಗುಂಪು ಮಾಡಿತ್ತು. ನಾನು ಅದಕ್ಕೆ ಕನ್ನಡದಲ್ಲಿ ಮೂರು ತ ಹಚ್ಚಿಕೊಂಡಿದ್ದೇನೆ.

ತಳ್ಳಿದ್ದು: ಮನೆಯಿಂದ ಹೊರಗೆ ತಳ್ಳಿದ ಕಾಯಿಲೆ. ತೀವ್ರ ಮಾನಸಿಕ ಕಾಯಿಲೆ, ಕುಡಿತದ ಚಟ, ದುಡಿಯಲಾಗದಂತೆ ಮಾಡಿದ ಅಪಘಾತ.

ತಗುಲಿದ್ದು: ಹೊರಗೆ ಬಿದ್ದ ಮೇಲೆ ಅಂಟಿದ್ದು. ಕಜ್ಜಿ, ಹೇನು, ಜನ ಒತ್ತೊತ್ತಾಗಿ ಮಲಗುವ ಕಡೆ ಕ್ಷಯ, ಕಾಲಿನ ತೊಂದರೆ. ಕಾಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ನಾನು 'ಕೆಸರು ಹುಣ್ಣು' ಅಂತ ಬರೆದು ತಿದ್ದಿಸಿಕೊಂಡೆ. ಅದು ಬೆರಳ ಸಂದಿಯ ಶಿಲೀಂಧ್ರ. ಪಠ್ಯದಲ್ಲಿರುವ ಟ್ರೆಂಚ್ ಫೂಟ್ ಬೇರೆ: ಗಂಟೆಗಟ್ಟಲೆ ಒದ್ದೆ, ತಣ್ಣಗಿದ್ದು ಕಾಲಿನ ರಕ್ತನಾಳ, ನರಗಳೇ ಕೆಡುವುದು. ಮೊದಲು ಜೋಮು, ಆಮೇಲೆ ಊತ, ಉರಿ. ಇದಕ್ಕೆ ಹಿಮ ಬೀಳಬೇಕಾಗಿಲ್ಲ, 15 ಡಿಗ್ರಿಯ ಆಸುಪಾಸಿನಲ್ಲೂ ಆಗುತ್ತದೆ. ಕಕ್ಕಡ ತಿಂಗಳಲ್ಲಿ (ಕೊಡಗಿನ ಜೋರು ಮಳೆಯ ತಿಂಗಳು) ನಮ್ಮ ಮನೆಗಳಲ್ಲೇ ಸಾಕ್ಸ್ ಒಲೆ ಮೇಲೆ ಹಾಕದಿದ್ದರೆ ಒಣಗುವುದಿಲ್ಲ, ಅಲ್ವಾ? ಒಲೆಯೇ ಇಲ್ಲದವನು ಒದ್ದೆಯದನ್ನೇ ಮತ್ತೆ ಹಾಕಿಕೊಳ್ಳುತ್ತಾನೆ.

ಇನ್ನೊಂದು: ಕುಡಿದರೆ ಮೈ ಬಿಸಿಯಾಗುತ್ತದೆ ಅನ್ನುವುದು ಭ್ರಮೆ. ಚರ್ಮದ ರಕ್ತನಾಳ ಅಗಲವಾಗಿ ಬಿಸಿ ಅನಿಸುತ್ತದೆ ಅಷ್ಟೆ, ಮೈಯೊಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ.

ತಪ್ಪಿದ್ದು: ಕಾಯಿಲೆ ಯಾರಿಗೂ ಬರುವಂಥದ್ದೇ, ಮನೆ ಇಲ್ಲದ್ದಕ್ಕೆ ಮದ್ದು ತಪ್ಪಿತು. ನನಗೆ ಇದೇ ಅರ್ಥವಾಗದೆ ಉಳಿದಿತ್ತು. ಸಕ್ಕರೆ ಕಾಯಿಲೆಗೂ ಮನೆಗೂ ಏನು ಸಂಬಂಧ ಅಂತ.

ಫೀಲ್ಡ್ ವರ್ಕ್‌ನಲ್ಲಿ ಅಂಗಡಿ ಜಗಲಿಯಲ್ಲಿ ಮಲಗುವ ಒಬ್ಬರು ಸಿಕ್ಕಿದರು. ಲೋಡಿಂಗ್ ಕೆಲಸ. ಅವರ ಇನ್ಸುಲಿನ್ ಪಕ್ಕದ ಚಹಾದಂಗಡಿಯ ಫ್ರಿಜ್‌ನಲ್ಲಿ, ಹಾಲಿನ ಪ್ಯಾಕೆಟ್ ಹಿಂದೆ ಇತ್ತು. ಅಂಗಡಿಯವರು ಒಳ್ಳೆಯವರು, ಅದಕ್ಕೇ ಇಟ್ಟುಕೊಂಡಿದ್ದರು. ಆದರೆ ಅಂಗಡಿ ಏಳಕ್ಕೆ ಮುಚ್ಚುತ್ತದೆ. ಅಷ್ಟರೊಳಗೆ ಚುಚ್ಚಿಕೊಂಡು, ಊಟ ಒಂಬತ್ತಕ್ಕೆ ಸಿಕ್ಕಿದರೆ ಆ ಎರಡು ಗಂಟೆ ಸಕ್ಕರೆ ತೀರಾ ಇಳಿದು ಬೆವರು, ನಡುಕ. ಹಾಗಾಗಿ ಕೆಲವು ದಿನ ಚುಚ್ಚಿಕೊಳ್ಳುವುದೇ ಇಲ್ಲ. (ತೆರೆದ ಬಾಟಲಿ ಸಾಮಾನ್ಯವಾಗಿ ನಾಲ್ಕು ವಾರ ಫ್ರಿಜ್ ಇಲ್ಲದೆಯೂ ನಡೆಯುತ್ತದೆ. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಮಳೆಯಲ್ಲಿ ಇಡುವುದೆಲ್ಲಿ?)

ಬಿಪಿ ಮಾತ್ರೆ ಯಾಕೆ ನಿಲ್ಲಿಸಿದಿರಿ ಅಂತ ಕೇಳಿದೆ. "ಅದು ನುಂಗಿದ್ರೆ ಮಧ್ಯಾಹ್ನದವರೆಗೂ ಮೂತ್ರಕ್ಕೆ ಓಡಬೇಕು ಮಗಾ. ಒಂದೊಂದು ಸಲಕ್ಕೂ ಕಾಸು ಕೇಳ್ತಾರೆ" ಅಂದರು. ನಾನು ನೋಟ್ ಬುಕ್‌ನಲ್ಲಿ ಮೊದಲು ಬರೆದುಕೊಂಡದ್ದು 'ಔಷಧದ ಬಗ್ಗೆ ಅಸಡ್ಡೆ' ಅಂತ. ಆಮೇಲೆ ಹೊಡೆದು ಹಾಕಿದೆ.

ಒಂದೇ ಕಾಯಿಲೆ ಮೂರೂ ತ-ಗಳಲ್ಲಿ ಬರಬಹುದು. ಕ್ಷಯದಿಂದ ಕೆಲಸ ಹೋಗಬಹುದು, ಜಗಲಿಯಲ್ಲಿ ಕ್ಷಯ ಅಂಟಬಹುದು, ಆರು ತಿಂಗಳ ಮದ್ದು ನಡುವೆ ತಪ್ಪಿ ರೋಗ ಮದ್ದಿಗೆ ಬಗ್ಗದಂತಾಗಬಹುದು. ಪರೀಕ್ಷೆಯಲ್ಲಿ ಉದಾಹರಣೆ ಕೇಳಿದರೆ ಕ್ಷಯವನ್ನೇ ಹಿಡಿಯಿರಿ, ಮೂರಕ್ಕೂ ಸಾಕು.

ನನ್ನ ಮೂರು ಅಂಕ ತಿಂದ ವಾಕ್ಯ

ನಾನು ಬರೆದದ್ದು: 'ಇಂಗ್ಲೆಂಡಿನಲ್ಲಿ ಮನೆ ಇಲ್ಲದವರ ಜೀವಿತಾವಧಿ 45 ವರ್ಷ.' ತಪ್ಪು.

ಇಂಗ್ಲೆಂಡ್ ಮತ್ತು ವೇಲ್ಸ್‌ನ 2018ರ ಸರ್ಕಾರಿ ಅಂಕಿಅಂಶ ಹೇಳುವುದು ಇಷ್ಟು: ಮನೆ ಇಲ್ಲದೆ ಸತ್ತವರ ಸರಾಸರಿ ವಯಸ್ಸು ಗಂಡಸರಲ್ಲಿ 45, ಹೆಂಗಸರಲ್ಲಿ 43. ಅಲ್ಲಿನ ಒಟ್ಟು ಜನರಲ್ಲಿ ಅದು 76 ಮತ್ತು 81. ಸತ್ತವರ ಸರಾಸರಿ ವಯಸ್ಸು ಬೇರೆ, ಜೀವಿತಾವಧಿ (ಒಂದು ಗುಂಪಿನವರು ಸರಾಸರಿ ಎಷ್ಟು ವರ್ಷ ಬದುಕಬಹುದು ಅನ್ನುವ ಅಂದಾಜು) ಬೇರೆ. ನನಗೆ ಎರಡು ದಿನ ಇದು ತಲೆಗೆ ಹೋಗಲಿಲ್ಲ. ಸತ್ತಾಗ ಎಷ್ಟು ವಯಸ್ಸೋ ಅಷ್ಟೇ ತಾನೇ ಬದುಕಿದ್ದು?

ಹೀಗೆ ಯೋಚಿಸಿ. ಒಂದು ಕಾಲೇಜು ಹಾಸ್ಟೆಲ್. ಹತ್ತು ವರ್ಷದಲ್ಲಿ ಇಬ್ಬರು ತೀರಿಕೊಂಡರು ಅಂದುಕೊಳ್ಳೋಣ, ಒಬ್ಬನಿಗೆ 20, ಇನ್ನೊಬ್ಬನಿಗೆ 22. ಸರಾಸರಿ 21. ಹಾಸ್ಟೆಲ್ ಸೇರಿದವರು 21ಕ್ಕೆ ಸಾಯುತ್ತಾರೆ ಅನ್ನುತ್ತೀರಾ? ಅಲ್ಲಿ 70ರ ಮುದುಕರೇ ಇಲ್ಲ, ಆ ವಯಸ್ಸಿನ ಸಾವು ಬರುವುದೆಲ್ಲಿಂದ? ಇದೇ ಲೆಕ್ಕದಲ್ಲಿ ವೃದ್ಧಾಶ್ರಮದ ಸರಾಸರಿ 82 ಬಂತು ಅನ್ನಿ. ನಾನು ಇವತ್ತೇ ಹೋಗಿ ಸೇರಿಕೊಂಡರೆ 82 ಗ್ಯಾರಂಟಿಯಾ? ಈ ಪ್ರಶ್ನೆ ಕೇಳಿಕೊಂಡಾಗಲೇ ನನಗೆ ತಲೆಗೆ ಹೋದದ್ದು.

ಬೀದಿಯಲ್ಲಿರುವವರಲ್ಲೂ ನಡುವಯಸ್ಸಿನವರು ಜಾಸ್ತಿ. ಮನೆ ಸಿಕ್ಕಿ ಆಮೇಲೆ 70ಕ್ಕೆ ಸತ್ತವರು ಈ ಪಟ್ಟಿಗೆ ಬರುವುದೇ ಇಲ್ಲ. ಎರಡೂ ಸೇರಿ ಸರಾಸರಿಯನ್ನು ಕೆಳಗೆ ಎಳೆಯುತ್ತವೆ.

ಹಾಗಾದರೆ ಅಪಾಯ ಅಳೆಯುವುದು ಹೇಗೆ? ಒಂದೇ ವಯಸ್ಸಿನವರನ್ನು ಅಕ್ಕಪಕ್ಕ ಇಡಬೇಕು. 40ರಿಂದ 44ರ ಒಳಗಿನ ಸಾವಿರ ಜನ ಮನೆಯಲ್ಲಿ, ಸಾವಿರ ಜನ ಹೊರಗೆ. ಒಂದು ವರ್ಷದಲ್ಲಿ ಮನೆಯವರಲ್ಲಿ 3 ಸಾವು, ಹೊರಗಿನವರಲ್ಲಿ 12 ಅಂತ ಇಟ್ಟುಕೊಳ್ಳಿ (ಲೆಕ್ಕಕ್ಕೆ ನಾನೇ ಹಾಕಿಕೊಂಡ ಅಂಕಿ). ಅಪಾಯ ನಾಲ್ಕು ಪಟ್ಟು. ಈಗ ಈ ಎರಡು ಗುಂಪಿನಲ್ಲಿ ಸತ್ತವರ ಸರಾಸರಿ ವಯಸ್ಸು ತೆಗೆಯಿರಿ. ಎರಡರಲ್ಲೂ 42ರ ಹತ್ತಿರವೇ ಬರುತ್ತದೆ! ನಾಲ್ಕು ಪಟ್ಟು ವ್ಯತ್ಯಾಸ ಸರಾಸರಿಯ ಕಣ್ಣಿಗೆ ಬೀಳಲೇ ಇಲ್ಲ.

45 ಅನ್ನುವ ಅಂಕಿ ಸುಳ್ಳಲ್ಲ, ಅಷ್ಟು ಚಿಕ್ಕ ವಯಸ್ಸಿನಲ್ಲಿ ಜನ ಬೀದಿಯಲ್ಲಿ ಸಾಯುತ್ತಿದ್ದಾರೆ ಅನ್ನುವುದು ನಿಜ. 'ಸತ್ತವರ ಸರಾಸರಿ ವಯಸ್ಸು' ಅಂತ ಪೂರ್ತಿ ಬರೆಯಿರಿ, ಅಂಕ ಹೋಗುವುದಿಲ್ಲ.

ಸಮಾಜಕ್ಕೆ ಬೀಳುವ ಖರ್ಚು

ತುರ್ತು ಚಿಕಿತ್ಸೆ, ಪೊಲೀಸ್, ಹೋದ ದುಡಿಮೆ, ಮಕ್ಕಳ ತಪ್ಪಿದ ಶಾಲೆ. ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ. ಗಮನಿಸಬೇಕಾದದ್ದು, ಖರ್ಚು ಒಂದೇ ಖಾತೆಯಲ್ಲಿ ಕಾಣುವುದಿಲ್ಲ. ಕಾಲಿನ ಗಾಯ ಕೊಳೆತು ಕಾಲು ಕತ್ತರಿಸಿದರೆ ಅದು ಆಸ್ಪತ್ರೆಯ ಲೆಕ್ಕ. ಒಂದು ಜೊತೆ ಒಣ ಸಾಕ್ಸ್ ಯಾರ ಲೆಕ್ಕದಲ್ಲೂ ಇರುವುದಿಲ್ಲ.

'ಮನೆ ಕೊಟ್ಟರೆ ಸರ್ಕಾರಕ್ಕೆ ಲಾಭ' ಅಂತ ಸುಮ್ನೆ ಬರೆಯಬೇಡಿ. ಮೊದಲು ಮನೆ, ಚಿಕಿತ್ಸೆ ಜೊತೆಜೊತೆಗೆ ಅನ್ನುವ ಹೌಸಿಂಗ್ ಫಸ್ಟ್ ಪದ್ಧತಿಯನ್ನು ಕೆನಡಾ 2009ರಿಂದ ಐದು ನಗರಗಳಲ್ಲಿ ಪರೀಕ್ಷಿಸಿತು. ಮೊದಲೇ ಅತಿ ಹೆಚ್ಚು ಖರ್ಚು ತರುತ್ತಿದ್ದ ನೂರಕ್ಕೆ ಹತ್ತು ಜನರಲ್ಲಿ, ಹಾಕಿದ ಪ್ರತಿ 10 ಡಾಲರ್‌ಗೆ 21.72 ಡಾಲರ್ ಉಳಿಯಿತು. ಅಗತ್ಯ ಮಧ್ಯಮವಾಗಿದ್ದವರಲ್ಲಿ ಉಳಿದದ್ದು 3.42 ಮಾತ್ರ. ಅವರಿಗೆ ಮನೆ ಕೊಡಬಾರದು ಅಂತಲ್ಲ. ಅವರ ಪರವಾಗಿ ವಾದಿಸುವಾಗ ದುಡ್ಡಿನ ವಾದ ಕೈಕೊಡುತ್ತದೆ ಅಂತ.

ಕೊನೆಯದಾಗಿ ನಮ್ಮ ಜಿಲ್ಲೆಯ ಲೆಕ್ಕ. ನಗರದ ಸೂರಿಲ್ಲದವರಿಗಾಗಿ ಇದ್ದ ಕೇಂದ್ರ ಸರ್ಕಾರದ ಯೋಜನೆಯ ಅಳತೆ ಒಂದು ಲಕ್ಷ ನಗರವಾಸಿಗಳಿಗೆ ಒಂದು ಆಶ್ರಯ ಕೇಂದ್ರ ಅಂತಿತ್ತು. 2011ರಲ್ಲಿ ಕೊಡಗಿನ ಜನಸಂಖ್ಯೆ 5,54,519, ಅದರಲ್ಲಿ ಪಟ್ಟಣದವರು ನೂರಕ್ಕೆ ಸುಮಾರು 15. ಗುಣಿಸಿ ನೋಡಿ. ಮಡಿಕೇರಿ, ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆ ಎಲ್ಲ ಸೇರಿಸಿದರೂ ಒಂದು ಲಕ್ಷ ಮುಟ್ಟುವುದಿಲ್ಲ.