ಕಾಡೇಟ್ ಎರಡು ಕಡೆ ಯಾಕೆ ಕಾಣುತ್ತದೆ? ಇಂಟರ್ನಲ್ ಕ್ಯಾಪ್ಸುಲ್ ಟಿಪ್ಪಣಿ

ನಿನ್ನೆ ರಾತ್ರಿ ಮಿದುಳಿನ ಅಡ್ಡ ಸೀಳಿನ ಚಿತ್ರ ಮುಂದಿಟ್ಟುಕೊಂಡು ಕೂತಿದ್ದೆ. ಮಿದುಳಿನ ಆಳದಲ್ಲಿರುವ ನರಕೋಶಗಳ ಗುಂಪುಗಳನ್ನು, ಅಂದರೆ ನ್ಯೂಕ್ಲಿಯಸ್‌ಗಳನ್ನು ಗುರುತಿಸುತ್ತಿದ್ದೆ. ಥಾಲಮಸ್ ಬೇಗ ಸಿಕ್ಕಿತು. ಪುಟಾಮೆನ್ ಮತ್ತು ಗ್ಲೋಬಸ್ ಪ್ಯಾಲಿಡಸ್ ಸೇರಿ ಆಗುವ ಲೆಂಟಿಫಾರ್ಮ್ ಕೂಡ ಸಿಕ್ಕಿತು. ಆದರೆ ಕಾಡೇಟ್ ಒಂದೇ ಬದಿಯಲ್ಲಿ ಎರಡು ಸಲ ಇತ್ತು: ಮುಂದೆ ದಪ್ಪಗೆ, ಹಿಂದೆ ಸಣ್ಣ ಚುಕ್ಕಿಯಾಗಿ. ಹಿಂದಿನದು ಬೇರೆ ನ್ಯೂಕ್ಲಿಯಸ್ ಅಂದುಕೊಂಡು ಒಂದು ಗಂಟೆ ಹುಡುಕಿದೆ.

ಗೊಂದಲ ಬಿಡಿಸಿದ್ದು ಕೋಡುಬಳೆ. ತುದಿ ಕೂಡಿಸದ ಒಂದು ಕೋಡುಬಳೆಯನ್ನು ನೆಟ್ಟಗೆ ನಿಲ್ಲಿಸಿ. ತೆರೆದ ಭಾಗ ಮುಂದಕ್ಕೆ, ಸ್ವಲ್ಪ ಕೆಳಕ್ಕೆ ಇರಲಿ. ಮುಂದಿನ ದಪ್ಪ ತುದಿ ಕಾಡೇಟ್‌ನ ತಲೆ. ಅಲ್ಲಿಂದ ಅದು ಥಾಲಮಸ್ ಮೇಲೆ ಕಮಾನಾಗಿ ಹಿಂದೆ ಹೋಗಿ, ಕೆಳಗೆ ಬಾಗಿ, ತೆಳ್ಳಗಿನ ಬಾಲವಾಗಿ ಕಿವಿಯ ಬದಿಯ ಟೆಂಪೊರಲ್ ಲೋಬ್‌ನೊಳಗೆ ಮತ್ತೆ ಮುಂದೆ ಬರುತ್ತದೆ. ಈಗ ಚಾಕುವನ್ನು ಮಟ್ಟಸವಾಗಿ ಹಿಡಿದು ಕತ್ತರಿಸಿ. ಎರಡು ಕಡೆ ತಾಗುತ್ತದೆ ಅಲ್ವಾ? ಮುಂದೆ ತಲೆ, ಹಿಂದೆ ಬಾಲ. ಎಡದಿಂದ ಬಲಕ್ಕೆ ಹೋಗುವ ನಿಂತ ಸೀಳಿನಲ್ಲೂ ಇದೇ ಕಥೆ: ಮೇಲೆ ಮೈ, ಕೆಳಗೆ ಬಾಲ. ಬಳೆ ಒಂದೇ, ಗಾಯ ಎರಡು. ಒಮ್ಮೆ ಮನೆಯಲ್ಲಿ ಕತ್ತರಿಸಿಯೇ ನೋಡಿ.

ಈಗ ಕಾಡೇಟ್, ಥಾಲಮಸ್, ಲೆಂಟಿಫಾರ್ಮ್ ಇವುಗಳ ನಡುವಿನ ನರತಂತುಗಳ ಬಿಳಿ ಪಟ್ಟಿ, ಇಂಟರ್ನಲ್ ಕ್ಯಾಪ್ಸುಲ್. ಅದರ ತಿರುವಿನ ಹೆಸರು ಜೆನು, ಲ್ಯಾಟಿನ್‌ನಲ್ಲಿ ಮಂಡಿ. ಎರಡೂ ಮಂಡಿ ಒಳಕ್ಕೆ ಬಾಗಿ ತಾಗುವಂತೆ ನಿಂತ ಕಾಲುಗಳನ್ನು ನೆನೆಸಿಕೊಳ್ಳಿ. ತೊಡೆ ಪಟ್ಟಿಯ ಮುಂದಿನ ಭಾಗ, ಆಂಟೀರಿಯರ್ ಲಿಂಬ್; ಮೀನಖಂಡ ಹಿಂದಿನ ಭಾಗ, ಪೋಸ್ಟೀರಿಯರ್ ಲಿಂಬ್. ತೊಡೆಯ ಒಳಬದಿಗೆ ಕಾಡೇಟ್ ತಲೆ, ಮೀನಖಂಡದ ಒಳಬದಿಗೆ ಥಾಲಮಸ್. ಹೊರಗಿನ ಮಡಿಕೆಯಲ್ಲಿ ಲೆಂಟಿಫಾರ್ಮ್.

ಆಂಟೀರಿಯರ್ ಲಿಂಬ್‌ನಲ್ಲಿ ಮಿದುಳಿನ ಮುಂಭಾಗವಾದ ಫ್ರಾಂಟಲ್ ಲೋಬನ್ನು ಥಾಲಮಸ್‌ಗೂ ಮಿದುಳು ಕಾಂಡದಲ್ಲಿರುವ ಪಾನ್ಸ್‌ಗೂ ಸೇರಿಸುವ ತಂತುಗಳಿವೆ, ಅಷ್ಟು ಸಾಕು. ಜೆನುವಿನಲ್ಲಿ ಮುಖದ ಚಲನೆಯ ತಂತುಗಳು. ಹಿಂದೆ ಹೋದಂತೆ ಪೋಸ್ಟೀರಿಯರ್ ಲಿಂಬ್‌ನಲ್ಲಿ ಕೈ, ನಂತರ ಕಾಲು. ಥಾಲಮಸ್‌ನಿಂದ ಮೇಲೇರುವ ಸ್ಪರ್ಶದ ತಂತುಗಳು ಅದಕ್ಕೂ ಹಿಂದೆ. ಲೆಂಟಿಫಾರ್ಮ್ ಹಿಂಬದಿಯಲ್ಲಿ ದೃಷ್ಟಿಯ ತಂತುಗಳು.

ಮಿದುಳಿನ ಹೊರಪದರವಾದ ಕಾರ್ಟೆಕ್ಸ್ ಕೆಳಗೆ ಬೀಸಣಿಗೆಯಂತೆ ಹರಡಿದ ತಂತುಗಳೆಲ್ಲ ಇಲ್ಲಿ ಇಕ್ಕಟ್ಟಿನಲ್ಲಿ ಒತ್ತೊತ್ತಾಗಿ ಇಳಿಯುತ್ತವೆ. ಹಾಗಾಗಿ ಮಿಡ್ಲ್ ಸೆರೆಬ್ರಲ್ ಅಪಧಮನಿಯ ಸಣ್ಣ ಕವಲೊಂದು ಕಟ್ಟಿಕೊಂಡರೂ ಮುಖ, ಕೈ, ಕಾಲು ಮೂರೂ ಒಟ್ಟಿಗೆ ಬೀಳಬಹುದು. ಬಿಪಿ ಜಾಸ್ತಿ ಇರುವವರಲ್ಲಿ ಇಂಥ ಸಣ್ಣ ಕವಲುಗಳು ಹೆಚ್ಚಾಗಿ ಹಾಳಾಗುತ್ತವೆ. ಕೈಕಾಲಿನ ಚಲನೆಯ ಬಹುಪಾಲು ತಂತುಗಳು ಮಿದುಳು ಕಾಂಡದ ಕೊನೆಯ ಭಾಗವಾದ ಮೆಡುಲ್ಲಾದ ಕೆಳತುದಿಯಲ್ಲಿ ಬದಿ ಬದಲಿಸುವುದರಿಂದ ಲಕ್ವ ಹೊಡೆಯುವುದು ಎದುರು ಬದಿಗೆ. ಪೆಟ್ಟು ಚಲನೆಯ ತಂತುಗಳಿಗಷ್ಟೇ ಬಿದ್ದರೆ ರೋಗಿಗೆ ಕೈ ಎತ್ತಲು ಆಗುವುದಿಲ್ಲ, ಆದರೆ ಮುಟ್ಟಿದ್ದು ತಿಳಿಯುತ್ತದೆ. ಪಕ್ಕದ ಥಾಲಮಸ್‌ಗೆ ಮಾತ್ರ ಬಿದ್ದರೆ ಕೈ ಏಳುತ್ತದೆ, ಅರ್ಧ ಮೈ ಜೋಮು ಹಿಡಿದಿರುತ್ತದೆ.