ಸಮ ಚಿಹ್ನೆ, ಪೈ ಚಿಹ್ನೆ ಎರಡೂ ವೇಲ್ಸ್‌ನವರದ್ದಂತೆ, ಹೌದಾ?

ಓದುಗರ ಪ್ರಶ್ನೆ: ಲೆಕ್ಕದಲ್ಲಿ ದಿನಾ ಬಳಸುವ ಸಮ ಚಿಹ್ನೆಯನ್ನೂ ಪೈ ಚಿಹ್ನೆಯನ್ನೂ ಕೊಟ್ಟವರು ಬ್ರಿಟನ್ನಿನ ಪಶ್ಚಿಮ ಭಾಗದ ವೇಲ್ಸ್ ದೇಶದವರು ಅಂತ ಓದಿದೆ. ಇದು ನಿಜವಾ, ಸುಮ್ನೆ ವಾಟ್ಸಾಪ್‌ನಲ್ಲಿ ಓಡಾಡುವ ಮಾತಾ? ನಿಜವಾದರೆ ಅವರು ಯಾರು?

ಉತ್ತರ: ನಿಜ. ಎರಡಕ್ಕೂ ದಾಖಲೆ ಇದೆ, ಅಚ್ಚಾದ ಪುಸ್ತಕಗಳೇ ಸಿಗುತ್ತವೆ. ಆದರೆ ಒಂದು ತಿದ್ದುಪಡಿ ಬೇಕು. ವೇಲ್ಸ್‌ನವರು ಕೊಟ್ಟದ್ದು ಪೈ ಎಂಬ ಗುರುತನ್ನು, ಆ ಸಂಖ್ಯೆಯನ್ನಲ್ಲ. ವೃತ್ತದ ಸುತ್ತಳತೆಗೂ ವ್ಯಾಸಕ್ಕೂ ಇರುವ ಲೆಕ್ಕ ಪ್ರಾಚೀನ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸನಿಗೆ ಗೊತ್ತಿತ್ತು. ನಮ್ಮ ಆರ್ಯಭಟ ಕ್ರಿ.ಶ. 499ರಲ್ಲೇ 3.1416 ಎಂಬಷ್ಟು ಹತ್ತಿರ ಬಂದಿದ್ದ. ವಾಟ್ಸಾಪ್ ಸಂದೇಶಗಳು ಎಡವುವುದು ಇಲ್ಲೇ.

ಸಮ ಚಿಹ್ನೆ ತಂದವನು ರಾಬರ್ಟ್ ರೆಕಾರ್ಡ್. ವೇಲ್ಸ್‌ನ ನೈಋತ್ಯ ತುದಿಯಲ್ಲಿ ಟೆನ್‌ಬಿ ಅಂತ ಒಂದು ಬಂದರು ಊರಿದೆ. 1510ರ ಆಸುಪಾಸಿನಲ್ಲಿ ಅಲ್ಲಿ ಹುಟ್ಟಿದ. ಆಕ್ಸ್‌ಫರ್ಡ್‌ನಲ್ಲಿ ಓದಿದ, 1545ರಲ್ಲಿ ಕೇಂಬ್ರಿಜ್‌ನಿಂದ ವೈದ್ಯಕೀಯ ಪದವಿ ಪಡೆದ. ಮೂತ್ರ ನೋಡಿ ರೋಗ ಹೇಳುವ ವಿದ್ಯೆಯ ಮೇಲೂ ಒಂದು ಪುಸ್ತಕ ಬರೆದಿದ್ದಾನೆ. ಹೆಸರು ತಂದುಕೊಟ್ಟದ್ದು ಮಾತ್ರ ಲೆಕ್ಕ.

ಆ ಕಾಲದ ಪಂಡಿತರು ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದರು. ರೆಕಾರ್ಡ್ ಗಣಿತವನ್ನು ಇಂಗ್ಲಿಷ್‌ನಲ್ಲಿ ಬರೆದ. ಅಂಗಡಿ ನಡೆಸುವವನಿಗೂ ಅರ್ಥವಾಗಲಿ ಅಂತ ಗುರುವೂ ಶಿಷ್ಯನೂ ಮಾತಾಡಿಕೊಳ್ಳುವ ಹಾಗೆ ಬರೆದ. ಶಿಷ್ಯ ಕೇಳುತ್ತಾನೆ, ಗುರು ಹೇಳುತ್ತಾನೆ. 1543ರ ಅವನ ಅಂಕಗಣಿತದ ಪುಸ್ತಕ ಒಂದೂವರೆ ಶತಮಾನ ಮತ್ತೆ ಮತ್ತೆ ಅಚ್ಚಾಯಿತು. ಪಠ್ಯಪುಸ್ತಕ ಬರೆಯುವವರು ಇಂದಿಗೂ ಹೊಟ್ಟೆಕಿಚ್ಚುಪಡಬೇಕಾದ ಸಂಗತಿ!

ಸಮ ಚಿಹ್ನೆ ಬಂದದ್ದು 1557ರ ಬೀಜಗಣಿತದ ಪುಸ್ತಕದಲ್ಲಿ. ‘ಇದಕ್ಕೆ ಅದು ಸಮ’ ಅಂತ ಪ್ರತಿ ಸಲ ಬರೆದು ಬರೆದು ಸಾಕಾಯಿತು ಎಂದೇ ಅವನು ಕಾರಣ ಕೊಡುತ್ತಾನೆ. ಅದರ ಬದಲು ಒಂದೇ ಉದ್ದದ ಎರಡು ಸಮಾನಾಂತರ ಗೆರೆ ಹಾಕುತ್ತೇನೆ, ಇದಕ್ಕಿಂತ ಹೆಚ್ಚು ಸಮವಾದ ಎರಡು ವಸ್ತುಗಳು ಇರಲು ಸಾಧ್ಯವಿಲ್ಲ, ಎನ್ನುತ್ತಾನೆ. ಆ ಪುಟದ ಮೊದಲ ಲೆಕ್ಕವನ್ನು ನೀವೇ ಮಾಡಿ ನೋಡಿ. ಒಂದು ಸಂಖ್ಯೆಯನ್ನು 14ರಿಂದ ಗುಣಿಸಿ 15 ಕೂಡಿದರೆ 71 ಬರುತ್ತದೆ, ಆ ಸಂಖ್ಯೆ ಯಾವುದು? ಉತ್ತರ 4. ಈಗ ಎಂಟನೇ ಕ್ಲಾಸಿನ ಮಕ್ಕಳು ಮಾಡುವ ಲೆಕ್ಕ. ಸಮ ಚಿಹ್ನೆ ಹಾಕಿ ಅಚ್ಚಾದ ಮೊದಲ ಸಮೀಕರಣ ಇದೇ. ಅವನ ಗೆರೆಗಳು ಇಂದಿನದಕ್ಕಿಂತ ತುಂಬಾ ಉದ್ದ, ರೈಲು ಹಳಿಯ ಹಾಗೆ.

ಜನ ಅದನ್ನು ತಕ್ಷಣ ಒಪ್ಪಿಬಿಟ್ಟರು ಅಂದುಕೊಳ್ಳಬೇಡಿ. 1618ರವರೆಗೆ ಅಚ್ಚಿನಲ್ಲಿ ಆ ಗುರುತು ಮತ್ತೆ ಕಾಣಿಸಲೇ ಇಲ್ಲ. 1637ರಲ್ಲಿ ಫ್ರಾನ್ಸಿನ ಗಣಿತಜ್ಞ ಡೆಕಾರ್ಟ್ ಬೇರೆಯೇ ಚಿಹ್ನೆ ಬಳಸಿದ. ರೆಕಾರ್ಡ್‌ನ ಗೆರೆಗಳು ಎಲ್ಲ ಕಡೆ ನೆಲೆಯೂರುವ ಹೊತ್ತಿಗೆ ಅವನು ಸತ್ತು ನೂರು ವರ್ಷ ದಾಟಿತ್ತು.

ಅವನ ಕೊನೆಗಾಲವಂತೂ ಬೇಜಾರಿನದು. ಲೆಕ್ಕ ಬಲ್ಲವನು ಅಂತ ಸರ್ಕಾರ ಅವನಿಗೆ ಬ್ರಿಸ್ಟಲ್ ಟಂಕಸಾಲೆಯ ಉಸ್ತುವಾರಿ ಕೊಟ್ಟಿತು. ಆಮೇಲೆ ಐರ್ಲೆಂಡಿನ ವೆಕ್ಸ್‌ಫರ್ಡ್‌ನ ಬೆಳ್ಳಿ ಗಣಿಗೆ ಹಾಕಿತು. ಗಣಿ ಲಾಭ ತರಲಿಲ್ಲ. ಅದಕ್ಕೂ ಮೊದಲು, ಬ್ರಿಸ್ಟಲ್‌ನಲ್ಲಿದ್ದಾಗ, ರಾಜನಿಗೆ ಸೇರಬೇಕಾದ ಹಣವನ್ನು ವಿಲಿಯಂ ಹರ್ಬರ್ಟ್ ಎಂಬ ಬಲಿಷ್ಠನ ಸೇನೆಗೆ ಕೊಡಲು ಅವನು ಒಪ್ಪಿರಲಿಲ್ಲ. ಹರ್ಬರ್ಟ್ ಮುಂದೆ ಪೆಂಬ್ರೋಕ್‌ನ ಅರ್ಲ್ ಆದ, ಅಂದರೆ ದೊಡ್ಡ ಬಿರುದಿನ ಸರದಾರ. ಹಗೆ ಹಾಗೇ ಉಳಿಯಿತು. ಅರ್ಲ್ ಅವ್ಯವಹಾರ ಮಾಡಿದ್ದಾನೆ ಅಂತ ರೆಕಾರ್ಡ್ ದೂರು ಕೊಟ್ಟ, ಅರ್ಲ್ ತಿರುಗಿ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದ. ತೀರ್ಪು 1000 ಪೌಂಡ್ ಪರಿಹಾರ. ಆ ಕಾಲಕ್ಕೆ ಅದು ದೊಡ್ಡ ಗಂಟು. ಎಲ್ಲಿಂದ ತರಬೇಕು? ಲಂಡನ್‌ನ ಸದರ್ಕ್‌ನಲ್ಲಿದ್ದ ಕಿಂಗ್ಸ್ ಬೆಂಚ್ ಜೈಲು ಸೇರಿ, 1558ರಲ್ಲಿ ಅಲ್ಲೇ ತೀರಿಕೊಂಡ. ಸಮ ಚಿಹ್ನೆಯ ಪುಸ್ತಕ ಬಂದು ಒಂದು ವರ್ಷವೂ ಸರಿಯಾಗಿ ಆಗಿರಲಿಲ್ಲ.

ಪೈ ಚಿಹ್ನೆಯ ವಿಲಿಯಂ ಜೋನ್ಸ್‌ಗೆ ಹಣೆಬರಹ ಇದಕ್ಕಿಂತ ಚೆನ್ನಾಗಿತ್ತು. 1675ರಲ್ಲಿ ಉತ್ತರ ವೇಲ್ಸ್‌ನ ಆಂಗ್ಲ್‌ಸಿ ದ್ವೀಪದ ಸಣ್ಣ ರೈತರ ಮನೆಯಲ್ಲಿ ಹುಟ್ಟಿದ. ಊರ ಧರ್ಮಾರ್ಥ ಶಾಲೆಯಲ್ಲಿ ಕಲಿಯುವಾಗಲೇ ಹುಡುಗ ಲೆಕ್ಕದಲ್ಲಿ ಚುರುಕು ಅಂತ ಜಮೀನ್ದಾರರ ಗಮನಕ್ಕೆ ಬಂತು. ಅವರು ಲಂಡನ್‌ನ ವ್ಯಾಪಾರಿಯೊಬ್ಬನ ಬಳಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿಸಿದರು. ಅಲ್ಲಿಂದ ವೆಸ್ಟ್ ಇಂಡೀಸ್‌ಗೆ ಹೋದ, ಯುದ್ಧನೌಕೆಗಳಲ್ಲಿ ನಾವಿಕರಿಗೆ ಗಣಿತ ಕಲಿಸಿದ. ಕಾಲೇಜು ಮೆಟ್ಟಿಲನ್ನೇ ಹತ್ತದವನು.

1706ರಲ್ಲಿ, ಹೊಸದಾಗಿ ಕಲಿಯುವವರಿಗೆ ಅಂತ ಒಂದು ಗಣಿತ ಸಾರಾಂಶ ಬರೆದ. ಸುತ್ತಳತೆಯನ್ನು ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಗ್ರೀಕ್ ಅಕ್ಷರ ಪೈ ಬಳಸಿದ ಮೊದಲ ಪುಸ್ತಕ ಇದೇ. ಅದರಲ್ಲೇ ಜಾನ್ ಮೆಚಿನ್ ಲೆಕ್ಕಹಾಕಿದ್ದ ನೂರು ದಶಮಾಂಶ ಸ್ಥಾನಗಳೂ ಇವೆ. ನನಗೆ ಇಷ್ಟವಾಗುವ ಅಂಶವೇ ಇದು. ಎಷ್ಟು ಅಂಕೆ ಬರೆದರೂ ಮುಗಿಯದ ಸಂಖ್ಯೆ, ಅದಕ್ಕೊಂದು ಗುರುತು ಕೊಡಬೇಕು ಅಂತ ಹೊಳೆದದ್ದು ಕಲಿಸಿ ಕಲಿಸಿ ಪಳಗಿದ ಮೇಷ್ಟರಿಗೆ. ಸ್ವಿಟ್ಜರ್ಲೆಂಡಿನ ಗಣಿತಜ್ಞ ಆಯ್ಲರ್ ತನ್ನ ಪುಸ್ತಕಗಳಲ್ಲಿ ಅದನ್ನು ಬಳಸಿದ ಮೇಲೆ, ಅದರಲ್ಲೂ 1748ರ ನಂತರ, ಎಲ್ಲೆಡೆ ಹಬ್ಬಿತು. ಹಾಗಾಗಿ ಎಷ್ಟೋ ಜನ ಪೈ ಆಯ್ಲರ್‌ನದೇ ಅಂದುಕೊಳ್ಳುತ್ತಾರೆ.

ಜೋನ್ಸ್ ಮುಂದೆ ನ್ಯೂಟನ್‌ಗೆ ಆಪ್ತನಾದ. 1711ರಲ್ಲಿ ನ್ಯೂಟನ್‌ನ ಬರಹಗಳನ್ನು ಸಂಪಾದಿಸಿ ಅಚ್ಚು ಹಾಕಿಸಿದ, ಲಂಡನ್‌ನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಸದಸ್ಯನಾದ. 1749ರಲ್ಲಿ ತೀರಿಕೊಂಡಾಗ ಮಗನಿಗೆ ಇನ್ನೂ ಮೂರು ವರ್ಷ ತುಂಬಿರಲಿಲ್ಲ.

ಆ ಮಗನನ್ನು ನೀವು ಬಲ್ಲಿರಿ, ಅಲ್ವಾ? ಸರ್ ವಿಲಿಯಂ ಜೋನ್ಸ್. ಅಪ್ಪ ಮಗ ಇಬ್ಬರಿಗೂ ಒಂದೇ ಹೆಸರಾದ್ದರಿಂದ ಅಂತರ್ಜಾಲದಲ್ಲಿ ಜಾಸ್ತಿ ಗೊಂದಲ. ಪೈ ಅಪ್ಪನದು. ಕಲ್ಕತ್ತಾದಲ್ಲಿ ನ್ಯಾಯಾಧೀಶನಾಗಿ 1784ರಲ್ಲಿ ಏಷ್ಯಾಟಿಕ್ ಸೊಸೈಟಿ ಕಟ್ಟಿದವನು, ಕಾಳಿದಾಸನ ಶಾಕುಂತಲವನ್ನು 1789ರಲ್ಲಿ ಇಂಗ್ಲಿಷ್‌ಗೆ ತಂದವನು ಮಗ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಬೇರಿನಿಂದ ಬಂದಿರಬೇಕು ಅಂತ 1786ರಲ್ಲಿ ಭಾಷಣ ಮಾಡಿದವನೂ ಅವನೇ. ಹೋಲಿಕೆಯನ್ನು ಗುರುತಿಸಿದವರಲ್ಲಿ ಅವನೇ ಮೊದಲಿಗನಲ್ಲ. ದಕ್ಷಿಣ ಭಾರತದಲ್ಲಿದ್ದ ಫ್ರೆಂಚ್ ಪಾದ್ರಿ ಕೂರ್ದೂ 1767ರಲ್ಲೇ ಪ್ಯಾರಿಸ್‌ಗೆ ಬರೆದು ಕಳಿಸಿದ್ದ. ಕನ್ನಡ, ತೆಲುಗು, ತಮಿಳು ಆ ಬೇರಿನವಲ್ಲ, ಇವುಗಳದೇ ಪ್ರತ್ಯೇಕ ಕುಟುಂಬ ಅಂತ ಮದರಾಸಿನ ಬ್ರಿಟಿಷ್ ಅಧಿಕಾರಿ ಎಲ್ಲಿಸ್ ತೋರಿಸಿದ್ದು 1816ರಲ್ಲಿ.

ಮಗ ಜೋನ್ಸ್‌ನನ್ನು ವೇಲ್ಸ್‌ನವನು ಅನ್ನಬಹುದಾ? ನಾನು ಅರ್ಧ ಅಂಕ ಕೊಡುತ್ತೇನೆ. ಹುಟ್ಟಿದ್ದು ಬೆಳೆದದ್ದು ಲಂಡನ್ ಕಡೆ. ಎಲ್ಲ ಭಾಷೆ ಬಲ್ಲ, ತನ್ನದೇ ಆದ ವೆಲ್ಷ್ ಒಂದನ್ನು ಬಿಟ್ಟು, ಅಂತ ಫ್ರಾನ್ಸಿನ ರಾಜನಿಗೆ ಅವನನ್ನು ಪರಿಚಯಿಸಿದ ಕಥೆಯೊಂದಿದೆ. ಆದರೂ ವಕೀಲನಾಗಿ ವೇಲ್ಸ್‌ನ ಕಾರ್ಮಾರ್ದನ್ ಕಡೆಯ ಕೋರ್ಟುಗಳಲ್ಲಿ ಓಡಾಡಿದ್ದಾನೆ. ಜನರಿಗೂ ಸರ್ಕಾರಕ್ಕೂ ಇರುವ ಸಂಬಂಧದ ಮೇಲೆ ಅವನು ಬರೆದ ಕಿರುಹೊತ್ತಗೆಯನ್ನು ಅಚ್ಚು ಹಾಕಿಸಿದ್ದಕ್ಕೆ ಉತ್ತರ ವೇಲ್ಸ್‌ನ ಸೇಂಟ್ ಆಸಫ್ ಚರ್ಚಿನ ಡೀನ್, ಅಂದರೆ ಮುಖ್ಯ ಪಾದ್ರಿಯ ಮೇಲೆ ಕೇಸು ಬಿತ್ತು. ಆ ಡೀನ್ ಜೋನ್ಸ್‌ನ ಭಾವಮೈದುನ. ಇಂಗ್ಲಿಷ್ ಕಾನೂನಿನ ಚರಿತ್ರೆಯಲ್ಲಿ ಅದೊಂದು ಹೆಸರಾಂತ ಮೊಕದ್ದಮೆ.

ಕೊನೆಗೆ, ನೀವು ಕೇಳದೇ ಇದ್ದರೂ ಇನ್ನೊಬ್ಬನನ್ನು ಸೇರಿಸುತ್ತೇನೆ. ಸಂಭವನೀಯತೆಯ ಲೆಕ್ಕದಲ್ಲಿ, ಹೊಸ ಪುರಾವೆ ಸಿಕ್ಕಾಗ ಹಳೆಯ ಅಂದಾಜನ್ನು ತಿದ್ದಿಕೊಳ್ಳುವ ಸೂತ್ರವಾಗಿ ಬೇಯ್ಸ್ ಪ್ರಮೇಯ ಅಂತ ಬರುತ್ತದಲ್ಲ, ಇಂದಿನ ಕಂಪ್ಯೂಟರ್ ಲೋಕದಲ್ಲೂ ಅದಕ್ಕೆ ಭಾರಿ ಬೇಡಿಕೆ. ಬೇಯ್ಸ್ ಸತ್ತ ಮೇಲೆ ಅವನ ಕಾಗದಗಳಲ್ಲಿದ್ದ ಅದನ್ನು ತಿದ್ದಿ ತೀಡಿ 1763ರಲ್ಲಿ ರಾಯಲ್ ಸೊಸೈಟಿಗೆ ಕಳಿಸಿದವನು ರಿಚರ್ಡ್ ಪ್ರೈಸ್, ದಕ್ಷಿಣ ವೇಲ್ಸ್‌ನ ಲ್ಯಾಂಗೈನೋರ್ ಹಳ್ಳಿಯವನು. ವೃತ್ತಿಯಲ್ಲಿ ಪಾದ್ರಿ, ಕೈಹಿಡಿದದ್ದು ವಿಮೆಯ ಲೆಕ್ಕ. ಅಮೆರಿಕದ ಸ್ವಾತಂತ್ರ್ಯ ಹೋರಾಟವನ್ನು ಗಟ್ಟಿಯಾಗಿ ಬೆಂಬಲಿಸಿದ. 1778ರಲ್ಲಿ ಅಮೆರಿಕದ ಕಾಂಗ್ರೆಸ್, ನಮ್ಮ ಹಣಕಾಸು ನೋಡಿಕೊಳ್ಳಲು ಬನ್ನಿ ಅಂತ ಅವನನ್ನು ಕರೆಯಿತು. ಅವನು ಹೋಗಲಿಲ್ಲ.